ದಾದಾನ ಕಂಪ್ಯೂಟರಿಗೆ ಭಂಡಾರ

ನಮ್ಮ ದಾದಾನ ಬಾಯಿಂದ ಮರ್ಯಾದೆಯ ಮಾತು ಕೇಳಬೇಕೆಂದರೆ ನೀವು ಮೊದಲು ಕೆಟ್ಟು ರಿಪೇರಿಗೆ ಬರಬೇಕು! ಗಟ್ಟಿಮುಟ್ಟಾಗಿ ನಡೆದುಕೊಂಡು ಹೋದಿರೋ, ನೀವು ಎಂಥ ದೊಡ್ಡ ಮನುಷ್ಯರೇ ಆಗಿರಿ, "ಯಾಕ್ಲೇ, ಏನ್ ಬೇಕಾಗಿತ್ತು?" ಎನ್ನುತ್ತಾನೆ. ನಿಮ್ಮ ಕಂಕುಳಲ್ಲಿರುವ ಸತ್ತ ಮಿಕ್ಸರಿಗೆ ಮಾತ್ರ, "ಬರ್ರಿ, ಬರ್ರಿ. ಏನಾತ್ರಿ? ಎಲ್ಲಿ ನೋವಾಗಾಕತ್ತೈತಿ?" ಹೀಗೆ ಕೇಳುತ್ತ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಒಂದು ಗಳಿಗೆ ಸುಮ್ಮನೆ ಕೂರುತ್ತಾನೆ.

"ಇದೇನ್ ದಾದಾ, ಮಂದಿಗೆ ಲೇ, ಮಿಕ್ಸರಿಗೆ ರೀ?" ಎಂದು ನಾನೊಮ್ಮೆ ಕೇಳಿದ್ದೆ.

"ನೆಟ್ಟಗಿದ್ದವರಿಗೆ ಮರ್ಯಾದಿ ಯಾಕ ಬೇ? ಕೆಟ್ಟು ನಿಂತದ್ದು ಹೆದರಿರತೈತಿ. ಸಮಾಧಾನ ಮಾಡಿ ಬಿಚ್ಚಬೇಕು."

ದಾದಾ ಎಂದರೆ ನನ್ನ ಒಡಹುಟ್ಟಿದ ಅಣ್ಣ. ನಾವು ನಿಪ್ಪಾಣಿಯವರು, ಮನೆಮಾತು ಕನ್ನಡವಾದರೂ ಅಣ್ಣನನ್ನು ಕರೆಯುವುದು ಮರಾಠಿಯಲ್ಲಿ. ಪೇಟೆಯಲ್ಲಿ ಅವನದೊಂದು ರೇಡಿಯೋ, ಟೀವಿ ರಿಪೇರಿ ಅಂಗಡಿ ಇತ್ತು. 'ಇತ್ತು' ಎಂದು ಬರೆಯುವಾಗ ಕೈ ತಡೆಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಗಂಡ ತೀರಿದ ಮೇಲೆ ದಾದಾನ ಮನೆ ಸೇರಿದವಳು. ಬರೆದದ್ದರಲ್ಲಿ ತಪ್ಪಿದ್ದರೆ ನೀವು ತಿದ್ದಿಕೊಳ್ಳಿ. ಮಾಡಿದ್ದರಲ್ಲಿನ ತಪ್ಪು ಯಾರು ತಿದ್ದುತ್ತಾರೆ?

ಅವನಿಗೆ ಮದುವೆ ಯಾಕಾಗಲಿಲ್ಲ ಎನ್ನುವಿರಾ? ಹೆಣ್ಣು ನೋಡಲು ಸತ್ತಿ ಎಂಬ ಊರಿಗೆ ಹೋಗಿದ್ದೆವು. ಅವರ ಮನೆಯ ರೇಡಿಯೋ ಮೂಲೆಯಲ್ಲಿ ಕೂತು ಗರಗರ ಎನ್ನುತ್ತಿತ್ತು. ಹುಡುಗಿ ಚಹಾ ತಂದು ನಿಂತಾಗ ನಮ್ಮ ವರನ ತಲೆ ರೇಡಿಯೋದ ಬೆನ್ನೊಳಗಿತ್ತು! ಹುಡುಗಿ ಹೆಂಗದಾಳ ಎಂದು ದಾರಿಯಲ್ಲಿ ಕೇಳಿದರೆ, "ವಾಲ್ವ್ ಒಂದು ಹೋಗಿತ್ತು, ಉಳದದ್ದೆಲ್ಲಾ ಛಲೋ ಐತಿ" ಎಂದ. ರೇಡಿಯೋ ಒಪ್ಪಿಗೆಯಾಯಿತು, ಹುಡುಗಿ ಆಗಲಿಲ್ಲ.

ಅವನ ಮನಸ್ಸು ಪೂರ್ತಿ ಕದ್ದದ್ದು ಒಂದು ಹಳೇ ಕಂಪ್ಯೂಟರ್. ಈಗಿನ ಥರದ್ದಲ್ಲ. ಕರಿಯ ಕೀಲಿಮಣೆ, ಅದರ ಹೊಟ್ಟೆಯಲ್ಲೇ ಇಡೀ ಕಂಪ್ಯೂಟರ್. ಟೀವಿಗೆ ವೈರ್ ಸಿಕ್ಕಿಸಿ, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಅದಕ್ಕೆ ಉಣಿಸಬೇಕು. ಕ್ಯಾಸೆಟ್ ಎಂದರೆ ಹಾಡಲ್ಲ, ಕೀಂ ಎಂಬ ಚೀರಾಟ! ಮೊದಲ ಸಲ ಹಚ್ಚಿದಾಗ ಪಕ್ಕದ ಮನೆಯ ಮಾಂವಶಿ ಓಡಿ ಬಂದು, "ಯಾರ ಕೂಸಿಗೇನಾತ ಬೇ? ಹೊಟ್ಟಿಗೆ ಓಂಕಾಳು ಕೊಟ್ಟೀಯೇನ?" ಎಂದು ಕೇಳಿದಳು.

ಅಷ್ಟು ಗದ್ದಲ ಮಾಡುವ ಅದರ ಮೆಮರಿ ಎಷ್ಟು? ನನ್ನ ಫೋನಿಗೆ ದಿನಾ ಬೆಳಿಗ್ಗೆ ಬರುವ ಒಂದು ಗುಲಾಬಿ ಹೂವಿನ ಚಿತ್ರ ಅದರಲ್ಲಿ ಹಿಡಿಸದು. ಅದಕ್ಕೆ ಹೊಸ ಐಸಿ ಚಿಪ್ಪುಗಳನ್ನು ಕೂಡಿಸಿ ಮೆಮರಿ ಹೆಚ್ಚಿಸಬೇಕೆಂದು ದಾದಾ ಹಟ ಹಿಡಿದ. ಹಟಕ್ಕೆ ಕಾರಣವಿತ್ತು. ಸ್ವಲ್ಪ ದಿನದ ಹಿಂದೆ ಅಂಗಡಿಯಲ್ಲಿ ಯಾರದೋ ಮಿಕ್ಸರ್ ಸುಟ್ಟಿದ್ದ. ಗಿರಾಕಿ ಎಲ್ಲರೆದುರಿಗೆ, "ಮಿಸ್ತ್ರಿ, ನಿಮ್ಮ ಕೈ ನಡಗಾಕತ್ತಾವ. ಸಾಕ್ ಮಾಡ್ರಿನ್ನ" ಎಂದು ನಕ್ಕಿದ್ದ.

ಆ ದಿನ ದಾದಾ ಅನ್ನ ಕಲಸುತ್ತ ಹೇಳಿದ: "ಈ ಮೆಮರಿ ಎದ್ದು ನಿಂತರ ಅಂಗಡಿ ಇಡತೇನಿ. ನಿಲ್ಲಲಿಲ್ಲಂದ್ರ ಕೈ ಹೋತು ಅಂತ ತಿಳಕೊಂಡು ಬಾಗಲಾ ಹಾಕತೇನಿ."

ನಾನು ಸುಮ್ಮನೆ ಕೂರುವವಳೇ? ಕೊಕಟನೂರಿಗೆ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಿ, ಅವಳ ಭಂಡಾರವನ್ನು, ಅಂದರೆ ಪೂಜೆಯ ಅರಿಶಿನ ಪುಡಿಯನ್ನು, ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಮನೆಯಲ್ಲಿ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಐಸಿ ಕೂರುವ ಸಾಕೆಟ್‌ಗಳನ್ನು ದಾದಾ ಆಗಲೇ ಸಾಲ್ಡರ್ ಮಾಡಿ, ಪುಣೆಯಿಂದ ಐಸಿ ಬರುವ ದಾರಿ ಕಾಯುತ್ತಿದ್ದ. ನಮ್ಮಲ್ಲಿ ಭಂಡಾರವನ್ನು ಟ್ರ್ಯಾಕ್ಟರಿಗೆ ಹಾಕುತ್ತೇವೆ, ಪಂಪ್‌ಸೆಟ್ಟಿಗೆ ಹಾಕುತ್ತೇವೆ, ಹೊಸ ಸೊಸೆಗೂ ಹಾಕುತ್ತೇವೆ. ಇದೊಂದೇ ಏನು ಪಾಪ ಮಾಡಿತ್ತು? ಅವನು ಅಂಗಡಿಗೆ ಹೋದಾಗ ಒಂದು ಹಿಡಿ ಭಂಡಾರವನ್ನು, "ಯವ್ವಾ, ನಮ್ಮ ದಾದಾನ ಕೈ ಕಾಯಿ" ಎಂದು ಸಾಕೆಟ್ಟುಗಳ ಮೇಲೆಯೇ ಉದುರಿಸಿದೆ.

ಉದುರಿಸಿದ ಮೇಲೆ ಹೆದರಿಕೆಯಾಯಿತು. ಅವನ ಸಾಮಾನು ಯಾರೂ ಮುಟ್ಟುವ ಹಾಗಿಲ್ಲ. ಸೆರಗಿನಿಂದ ಒತ್ತಿ ಒತ್ತಿ ಒರೆಸಿದೆ. ಮೇಲಿನದು ಹೋಯಿತು. ಸಾಕೆಟ್ಟಿನ ತೂತಿನೊಳಗಿನದು ಇನ್ನಷ್ಟು ಗಟ್ಟಿಯಾಗಿ ಕೂತಿತು. ಅದನ್ನು ಕಣ್ಣಾರೆ ಕಂಡೆ.

ಐಸಿ ಬಂದವು. ದಾದಾ ಒತ್ತಿ ಕೂಡಿಸಿದ, ಟೀವಿ ಹಚ್ಚಿದ. ಕಂಪ್ಯೂಟರ್ ಎದ್ದಿತು, ಆದರೆ ಹಳೇ ಮೆಮರಿಯನ್ನಷ್ಟೇ ತೋರಿಸಿತು. "ಹೊಸಾದು ಕೊಟ್ಟೇನಲ್ರಿ, ಯಾಕ್ ಒಲ್ಲೆ ಅಂತೀರಿ?" ಎಂದು ಬೇಡಿಕೊಂಡ. ಒಂದೊಂದೇ ಐಸಿ ಕಿತ್ತು ಅದಲು ಬದಲು ಮಾಡಿದ. ತಿರುಗಾ ಪುಣೆಯಿಂದ ಬೇರೆ ಐಸಿ ತರಿಸಿದ. ಬೋರ್ಡು ಮಗುಚಿ, ಕೆಳಗಿನ ಸಾಲ್ಡರ್‌ಗೆ ಮೀಟರ್ ಹಿಡಿದ. ಮೀಟರ್ ಎಲ್ಲಾ ಬರೋಬ್ಬರಿ ಎಂದಿತು. ಕರೆಂಟ್ ಸಪ್ಲೈ ಮೇಲೆ ಸಂಶಯಪಟ್ಟ, ಟೀವಿ ಮೇಲೆ ಸಂಶಯಪಟ್ಟ, ಐಸಿ ಕಳಿಸಿದವನ ಮನೆತನದ ಮೇಲೆಲ್ಲ ಸಂಶಯಪಟ್ಟ. ನನ್ನೊಬ್ಬಳನ್ನು ಬಿಟ್ಟು!

ಕೊನೆಗೆ ಒಂದು ಮುಂಜಾನೆ ತನ್ನ ಎರಡೂ ಕೈ ನೋಡಿಕೊಂಡು, "ಖರೇನ ಹೋಗ್ಯಾವ ನೋಡ ತಂಗಿ" ಎಂದ. ಅಂಗಡಿ ಬಿಟ್ಟುಕೊಟ್ಟ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ, ಒಂದಕ್ಕಿಂತ ಒಂದು ಹೊಳೆಯುವಂಥವು.

ಹೆದರಿ ಸುಮ್ಮನಿದ್ದೆ ಎಂದರೆ ಅದು ಅರ್ಧ ಮಾತು. ಅಂಗಡಿ ಹೋದ ಮೇಲೆ ದಾದಾ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂತ. ಬಿಸಿ ರೊಟ್ಟಿ ತಿನ್ನುವವರೊಬ್ಬರು, ನನ್ನ ಮಾತಿಗೆ ಹೂಂ ಅನ್ನುವವರೊಬ್ಬರು ಮನೆಯಲ್ಲಿದ್ದರು. ನನಗದು ಸುಖವಾಗಿತ್ತು. ಈ ಸಾಲು ಬರೆಯಲಿಕ್ಕೇ ನಾನು ಇಷ್ಟು ದೂರ ನಿಮ್ಮನ್ನು ನಗಿಸುತ್ತ ಬಂದದ್ದು.

ಮೊನ್ನೆ ಮಧ್ಯಾಹ್ನ ಓಣಿಯಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರದವನು ಕೂಗಿದ. ದಾದಾ ಕಂಪ್ಯೂಟರನ್ನು ಟಾವೆಲ್ಲಿನಲ್ಲಿ ಸುತ್ತಿ, ಅದರ ಬೆನ್ನ ಮೇಲೆ ಅಂಗೈ ಇಟ್ಟ. "ಮಾಫ್ ಮಾಡ್ರಿ. ನಿಮ್ಮಾಗ ಏನೂ ಖೋಡಿ ಇಲ್ಲ. ನನ್ನ ಕೈ ಹೋಗ್ಯಾವ."

ನನ್ನ ಬಾಯಿ ತಾನೇ ತೆರೆಯಿತು. "ನಿನ್ನ ಕೈ ಹೋಗಿಲ್ಲ ದಾದಾ. ಐಸಿ ಕೂಡೂ ತೂತಿನ್ಯಾಗ ನಾ ಭಂಡಾರ ಹಾಕೇನಿ."

"ಯಾವಾಗ?"

"ಕೊಕಟನೂರಿಗೆ ಹೋಗಿ ಬಂದಾಗ."

"ಅಂಗಡಿ ಬಿಡೂ ಮುಂದ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

ಬಾಗಿಲಲ್ಲಿ ಭಂಗಾರದವನು, "ಕೊಡತೀರೋ ಇಲ್ಲೋ ಮಿಸ್ತ್ರಿ?" ಎಂದ. "ನಡೀಲೇ ಮುಂದ!" ಎಂದು ದಾದಾ ಗುಡುಗಿದ. ಆಮೇಲೆ ಐಸಿಗಳನ್ನು ಕಿತ್ತಿಟ್ಟು, ಸೂಜಿಯಿಂದ ಒಂದೊಂದೇ ತೂತು ಕೆದಕಿ, ಸ್ಪಿರಿಟ್ ಹಚ್ಚಿದ ಬ್ರಶ್ಶಿನಿಂದ ತೊಳೆದ. ಬಿಳಿ ಅರಿವೆ ಹಳದಿಯಾಯಿತು. ಐಸಿ ಕೂಡಿಸಿ ಟೀವಿ ಹಚ್ಚಿದ. ಹೊಸ ಮೆಮರಿ ಪೂರ್ತಿ ಎದ್ದು ನಿಂತಿತ್ತು.

ಅವನು ಅದನ್ನು ನೋಡುತ್ತ ಕೂತೇ ಇದ್ದ. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಬೈಯಲಿ, ಹೊಡೆಯಲಿ, ಮನೆಯಿಂದ ಹೊರಗೆ ಹಾಕಲಿ ಎಂದು ಕಾಯುತ್ತಿದ್ದೆ. ಅವನು ಎದ್ದು ಬಂದ ಸಪ್ಪಳ ಕೇಳಿಸಿತು. ನನ್ನ ಬೆನ್ನ ಮೇಲೆ, ಜ್ವರ ನೋಡುವವರ ಹಾಗೆ, ಅಂಗೈ ಇಟ್ಟ.

"ಏನಾತ್ರಿ?" ಎಂದ. "ಎಲ್ಲಿ ನೋವಾಗಾಕತ್ತೈತಿ?"

ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.