ಕೀಲಿಯಿಲ್ಲದ ಸ್ಟೇರಿಂಗ್ ಕಂಬದವರ ಸನ್ನಿಧಿಗೆ

ಮಾನ್ಯರೇ,

ಯಾವುದೋ ಮುದಿ ಕಾರಿನ ಹೊಟ್ಟೆಯಿಂದ ಹೊರಬಂದು, ಮನೆಯಲ್ಲೇ ಕಾರು ಕಟ್ಟುವವರ ನಮ್ಮ ಕಿಟ್ ಕಾರು ಸಂಘದ ‘ಮಾರುವುದಿದೆ’ ಪುಟದಲ್ಲಿ ವರ್ಷಗಟ್ಟಲೆ ಮೆರೆದು, ಒಂದೇ ಒಂದು ದಿನವೂ ದುಡಿಯದ ತಮಗೆ, ಕ್ರೇಡ್ಲಿ ಊರಿನ ಸರಪಳಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೆನ್ನು ಮುರಿದುಕೊಂಡ ಈ ಮಾಜಿ ಕಾರ್ಮಿಕ ಮುಖಂಡನ ಕೆಂಪು ವಂದನೆಗಳು.

ನನ್ನ ನೆರೆಮನೆಯ ಬರ್ನಿ ಮಾಕ್ಸನ್ ಒಂಬತ್ತು ವರ್ಷದಿಂದ ಹಳೇ ಬಿಡಿಭಾಗ ಕೂಡಿಸಿ ಗ್ಯಾರೇಜಿನಲ್ಲೇ ಎರಡು ಸೀಟಿನ ಹಸಿರು ಕಾರು ಕಟ್ಟಿದ್ದಾನೆ. ಅವನ ಕಣ್ಣು ಮಂಜಾಗುತ್ತಿದೆ. ಸೆಪ್ಟೆಂಬರ್ ದಾಟಿದರೆ ಕಾರು ಮುಟ್ಟಬೇಡ ಎಂದಿದ್ದಾರೆ ಡಾಕ್ಟರು. ಹೀಗಿರುವಾಗ ಜುಲೈಯಲ್ಲಿ ತಾವು ಹಳೇ ಪರದೆಯೊಂದನ್ನು ಹೊದ್ದು ಅಂಚೆಯಲ್ಲಿ ದಯಮಾಡಿಸಿದಿರಿ. ಬರ್ನಿ ಬೋಲ್ಟು ಬಿಗಿದು ಸ್ಟೇರಿಂಗ್ ಚಕ್ರ ತಿರುಗಿಸಿದ. ಟಕ್!

“ರೇ, ಬೀಗ ಬಿತ್ತು ಕಣೋ. ಇದರ ಕೀಲಿ ಎಲ್ಲಿ?” ಎಂದು ನನ್ನತ್ತ ತಿರುಗಿದ.

ಕೀಲಿ ಇರಲಿಲ್ಲ. ಒಡೆಯೋಣವೆಂದರೆ, ಕಳ್ಳರನ್ನು ತಡೆಯುವ ಬೀಗ ಸರಿಯಾಗಿ ಕೆಲಸ ಮಾಡದ ಕಾರನ್ನು ಸರ್ಕಾರಿ ಪರೀಕ್ಷಕರು ರಸ್ತೆಗೆ ಬಿಡುವುದಿಲ್ಲ. ಕದಿಯಲು ಯಾರಿಗೂ ಮನಸ್ಸಾಗದ ಕಾರನ್ನು ಅದರ ಒಡೆಯನಿಂದಲೇ ಕಾಪಾಡಿದ ತಮ್ಮ ನಿಷ್ಠೆ ದೊಡ್ಡದು. ತಾವು ಒಪ್ಪುವುದು ನೇರ ದಾರಿಯೊಂದನ್ನೇ ಆದ್ದರಿಂದ, ನಮ್ಮ ಬೀದಿಯಿಂದ ಪರೀಕ್ಷಾ ಕೇಂದ್ರದವರೆಗಿನ ಹದಿನಾಲ್ಕು ವೃತ್ತಗಳನ್ನು ಕಿತ್ತು, ಅಡ್ಡ ಬರುವ ಎರಡು ಪಬ್ಬು, ಒಂದು ಚರ್ಚು ಮತ್ತು ಕಾಲುವೆಯನ್ನು ಪಕ್ಕಕ್ಕೆ ಸರಿಸಿಕೊಡಬೇಕೆಂದು ನಗರಸಭೆಗೆ ಬರೆದೆ. ಉತ್ತರ ಬರಲಿಲ್ಲ. ಜನರ ಕೂಗಿಗೆ ಆಳುವವರ ಕಿವಿ ಎಂದೂ ಹೀಗೆಯೇ.

ಕೊನೆಗೆ ತಮ್ಮ ಹಿಂದಿನ ಒಡೆಯರ ಮೇಲೆ ನಾನೇ ವಿಚಾರಣೆ ಹೂಡಿದೆ. ‘ಶೆಡ್ ಖಾಲಿ ಮಾಡುತ್ತಿರುವುದರಿಂದ ಒಲ್ಲದ ಮನಸ್ಸಿನಿಂದ ಮಾರಾಟ’ ಎಂಬ ಜಾಹೀರಾತಿನ ಹಿಂದೆ ಎಷ್ಟು ದ್ರೋಹ ಅಡಗಿರುತ್ತದೆಂದು ತಮಗಿಂತ ಚೆನ್ನಾಗಿ ಯಾರು ಬಲ್ಲರು? ತಮಗೆ ಕಪ್ಪು ಬಣ್ಣ ಬಳಿದು ಬರ್ನಿಗೆ ಮಾರಿದ ಹೆಡ್ಲಿಯನ್ನು ಫೋನಿನಲ್ಲಿ ಹಿಡಿದೆ.

“ಕೀಲಿ ಕೊಡ್ತೀನಿ ಅಂತ ನಾನೆಲ್ಲಿ ಹೇಳ್ದೆ? ನೀವೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮೇವಿಸಮ್ಮನ್ನ ಕೇಳ್ಹೋಗಿ!”

ಇಂಥ ಮಾತನ್ನು ನಾನು ಹಿಂದೆ ಕೇಳಿದ್ದು ಕಾರ್ಖಾನೆ ಮುಚ್ಚಿದ ಮಾಲೀಕರ ಬಾಯಲ್ಲಿ ಮಾತ್ರ. ಹೆಡ್ಲಿಗೆ ತಮ್ಮನ್ನು ದಾಟಿಸಿದ ಮೇವಿಸ್ ಆರ್ಟನ್ ಎಂಬ ಅಜ್ಜಿ ಚಹಾ ಕೊಟ್ಟು ಕೂರಿಸಿದರು.

“ಅಯ್ಯೋ, ಆ ಕಂಬಾನಾ? ಮೂರು ವರ್ಷ ಬೀನ್ಸ್ ಬಳ್ಳಿ ಹಬ್ಬಿಸಿದ್ದೆ ಕಣಪ್ಪ, ಒಳ್ಳೇ ಕಾಯಿ ಬಿಡ್ತು. ನನಗೆ ಮಾರಿದೋನು ಯಾರೋ ಯೂನಿಯನ್ ಮನುಷ್ಯ. ಸಂಘದ ಸಂತೇಲಿ ಅರ್ಧ ಗಂಟೆ ಭಾಷಣ ಬಿಗಿದು, ‘ಕೀಲಿ ಶೆಡ್ಡಲ್ಲೇ ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ ಅಕ್ಕಾ’ ಅಂದ. ಎಲ್ಲಿ ಕಳಿಸ್ದ ಹಾಳಾದೋನು! ದನಿ ಮಾತ್ರ ನಿಮ್ಮ ಥರಾನೇ ಇತ್ತು.”

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಬರ್ನಿ ಇಲ್ಲದ ಹೊತ್ತಿಗೆ ಅವನ ಗ್ಯಾರೇಜಿಗೆ ನುಗ್ಗಿ ತಮ್ಮ ಬುಡದ ಕಪ್ಪು ಬಣ್ಣವನ್ನು ಉಗುರಲ್ಲಿ ಕೆರೆದೆ: ಅಡಿಯಲ್ಲಿ ನನ್ನ ಅಡುಗೆಮನೆ ಬಾಗಿಲಿಗೆ ಬಳಿದು ಉಳಿದಿದ್ದ ಹಳದಿ! ಕೀಲಿ ನನ್ನ ಶೆಡ್ಡಿನ ಮೇಲಿನ ಹಲಗೆಯಲ್ಲೇ ಇತ್ತು, ತಮ್ಮನ್ನು ಮಾರಿದ ಮೇಲೆ ನಾನು ಒಮ್ಮೆಯೂ ತೆರೆಯದ ಸಾಸಿವೆ ಡಬ್ಬಿಯಲ್ಲಿ.

ಡಬ್ಬಿಯ ಸಮೇತ ಮತ್ತೆ ಗ್ಯಾರೇಜಿಗೆ ಹೋಗಿ ಬರ್ನಿಯ ಮುಂದೆ ನಿಂತೆ. ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ, ಬಯ್ಯಲಿಲ್ಲ. “ಪಕ್ಕದಲ್ಲಿ ಕೂತ್ಕೋ. ಬಾಯಿ ಮಾತ್ರ ಮುಚ್ಚಿಕೊಂಡಿರು” ಎಂದ.

ಕಾರು ಪರೀಕ್ಷೆಯಲ್ಲಿ ಪಾಸಾಗಿ, ಮೊನ್ನೆ ಗುರುವಾರ ನಂಬರು ಬಂದದ್ದೇ ತಡ, ಬರ್ನಿ ಆ ಹದಿನಾಲ್ಕು ವೃತ್ತಗಳ ದಾರಿಯನ್ನೇ ಹಿಡಿದ. ಕೊನೆಯ ವೃತ್ತವನ್ನು ಬೇಕೆಂದೇ ಏಳು ಸುತ್ತು ಹಾಕಿದ. ಹಿಂದಿದ್ದ ಕಾರುಗಳವರು ಹಾರ್ನು ಬಾರಿಸಿ ಬಯ್ದರು. ತಾವು ಬೆಣ್ಣೆಯ ಹಾಗೆ ತಿರುಗಿದಿರಿ. ನಾನು ಬಾಯಿ ಬಿಡಲಿಲ್ಲ. ತಮ್ಮ ಮೇಲಿನ ಆರೋಪಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡು, ಅಪರಾಧಿಯ ಹೆಸರನ್ನು ಕೆಳಗೆ ಬರೆದಿದ್ದೇನೆ.

ಬಾಗಿದ ತಲೆಯ, ತಮ್ಮ ವಿಶ್ವಾಸಿ,
ರೇಮಂಡ್ ಟನ್‌ಸ್ಟಾಲ್

ಮರೆತ ಮಾತು: ಕೀಲಿಯನ್ನು ಬರ್ನಿ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ. ಅಕ್ಟೋಬರಿನಿಂದ ಆ ಕಾರನ್ನು ನಾನೇ ಓಡಿಸಬೇಕಂತೆ. ಆದರೂ ಕೀಲಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಪ್ರತಿ ಸಲವೂ ಪಕ್ಕದ ಸೀಟಿನಿಂದ ಬಗ್ಗಿ ತಾನೇ ತಿರುಗಿಸುತ್ತಾನಂತೆ.