ಬಾಗಿಲಲ್ಲಿ ಕೊಟ್ಟ ಬಿಸ್ಕತ್ತು

"ಒಂದು ನಾಯಿ, ಒಂದು ಬೆಕ್ಕು, ಎರಡು ಸೂಜಿ. ಇಷ್ಟಕ್ಕೆ ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಲ್ಲಬೇಕಾ? ಈ ವರ್ಷ ನಾನೊಬ್ಬನೇ ಹೋಗಿ ಹಾಕಿಸ್ಕೊಂಡು ಬರ್ತೀನಿ," ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ. ಘೋಷಣೆ ಎಂದರೆ ಅದು ಘೋಷಣೆ! ಕೈಯಲ್ಲಿದ್ದ ಚಮಚವನ್ನು ರಾಜದಂಡದಂತೆ ಎತ್ತಿ ಹಿಡಿದಿದ್ದೆ. ನೀರು ಬಗ್ಗಿಸುತ್ತಿದ್ದ ಹೆಂಡತಿ ಲೋಟ ತುಂಬಿ ಹರಿಯುವವರೆಗೂ ನನ್ನನ್ನೇ ನೋಡಿದಳು.

ಆಗಿನ ನಮ್ಮ ಸಂಸಾರವನ್ನು ಸ್ವಲ್ಪ ಪರಿಚಯಿಸಬೇಕು. ನಾಯಿಯ ಹೆಸರು ದಫೇದಾರ. ಕಂದು ಮೈ, ಗಂಭೀರ ನಡಿಗೆ, ಅಂಚೆಯವನನ್ನು ಗೇಟಿನಲ್ಲೇ ನಿಲ್ಲಿಸಿ ವಿಚಾರಣೆ ಮಾಡುವ ಅಧಿಕಾರಿ. ಬೆಕ್ಕಿನ ಹೆಸರು ಅಜ್ಜಿ. ಮರಿಯಾಗಿದ್ದಾಗಲೇ ಅದರ ಮುಖದಲ್ಲಿ ಯಾವುದನ್ನೂ ಒಪ್ಪದ ಹಿರಿಯರ ಗತ್ತು ಇತ್ತೆಂದು ನಮ್ಮ ಮಗಳು ಇಟ್ಟ ಹೆಸರು. "ಅಜ್ಜಿನ ಬುಟ್ಟಿಗೆ ಹಾಕಿ ಮುಚ್ಚಳ ಬಿಗಿ ಮಾಡು" ಎಂದು ನಾನು ಕೂಗಿದ ದಿನ ಪಕ್ಕದ ಮನೆಗೆ ಹೊಸದಾಗಿ ಬಂದವರು ಕಿಟಕಿ ಮುಚ್ಚಿಕೊಂಡದ್ದೂ ಉಂಟು.

ವರ್ಷಕ್ಕೊಮ್ಮೆ ಇಬ್ಬರಿಗೂ ಲಸಿಕೆ, ಹೊಟ್ಟೆಹುಳದ ಮಾತ್ರೆ, ಹಲ್ಲು ಕಿವಿಗಳ ಪರೀಕ್ಷೆ. ಕಾಯಿಲೆ ಬಂದ ಮೇಲೆ ಒದ್ದಾಡುವುದಕ್ಕಿಂತ ಬರುವ ಮೊದಲೇ ನೋಡಿಕೊಳ್ಳಬೇಕು ಎಂಬುದು ನನ್ನ ಮೆಚ್ಚಿನ ಭಾಷಣ. ಹೆಂಡತಿ ಅದನ್ನು ಪೂರ್ತಿ ಕೇಳಿ, ಹಾಗಾದರೆ ನೀವು ಯಾವಾಗ ತೋರಿಸಿಕೊಳ್ಳುತ್ತೀರಿ ಎನ್ನುತ್ತಿದ್ದಳು. ಹಿಂದಿನ ವರ್ಷ ನಮ್ಮಣ್ಣ ಕಚೇರಿಯಲ್ಲಿ ಕೂತಲ್ಲೇ ಕುಸಿದಿದ್ದ. ಬದುಕಿದ, ಆದರೆ ಎಡಗೈ ಮೊದಲಿನಂತಾಗಲಿಲ್ಲ. ಅಂದಿನಿಂದ ಅವಳಿಗೆ ನನ್ನ ರಕ್ತದೊತ್ತಡದ್ದೇ ಚಿಂತೆ. ನನಗೋ ಸೂಜಿ ಎಂದರೆ ಜೀವವೇ ಹಾರಿಹೋಗುತ್ತದೆ. ಮಳೆ ನಿಲ್ಲಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ವರ್ಷವಿಡೀ ರೈಲು ಬಿಟ್ಟುಕೊಂಡು ಬಂದಿದ್ದೆ.

ಅಂದು ಅವಳು ಚೆಲ್ಲಿದ ನೀರು ಒರೆಸುತ್ತ ತಣ್ಣಗೆ ಹೇಳಿದಳು: "ಸರಿ. ಇಬ್ರಿಗೂ ನೀವೊಬ್ರೇ ಸೂಜಿ ಹಾಕಿಸ್ಕೊಂಡು ಬನ್ನಿ. ನಿಮ್ಮ ತಪಾಸಣೆ ಮಾತು ನಾನು ಇನ್ನು ಜನ್ಮದಲ್ಲಿ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಮಾರನೇ ದಿನವೇ ನೀವು ಡಾಕ್ಟರ ಹತ್ರ."

ಜನ್ಮದಲ್ಲಿ ಎತ್ತಲ್ಲ! ಇದಕ್ಕಿಂತ ದೊಡ್ಡ ಬಹುಮಾನ ಯಾರು ಕೊಟ್ಟಾರು? ಒಪ್ಪಿಕೊಂಡೆ.

ನನ್ನ ಯೋಜನೆ ಕೇಳಿದರೆ ಸೇನಾಪತಿಗಳೂ ತಲೆದೂಗಬೇಕು. ಅಜ್ಜಿಗೆ ಬುಟ್ಟಿ ಕಂಡರಾಗದು. ಆದ್ದರಿಂದ ಬುಟ್ಟಿಯಲ್ಲಿ ನನ್ನ ಹಳೆಯ ಸ್ವೆಟರ್ ಹಾಸಿ ಸೋಫಾದ ಪಕ್ಕದಲ್ಲಿಟ್ಟೆ. ಮೊದಲು ಮೂಗು ಮುರಿದ ಅಜ್ಜಿ ವಾರ ಕಳೆಯುವುದರೊಳಗೆ ಅದರಲ್ಲೇ ಗೊರಕೆ ಹೊಡೆಯತೊಡಗಿದಳು. ದಫೇದಾರನದು ಬೇರೆ ಕಥೆ. ಪಶು ಆಸ್ಪತ್ರೆಯ ಓಣಿ ತಿರುಗುವಲ್ಲಿ ದರ್ಜಿಯ ಅಂಗಡಿಯಿದೆ. ಅಲ್ಲಿಗೆ ಬಂದೊಡನೆ ಔಷಧದ ವಾಸನೆ ಹಿಡಿದು ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದ. ಅದಕ್ಕೇ ದಿನಾ ಸಂಜೆ, "ಬಾ, ಸುಮ್ನೆ ಒಂದು ಸುತ್ತು ನಡೆದು ಬರೋಣ" ಎಂದು ಪುಸಲಾಯಿಸಿ ಆಸ್ಪತ್ರೆಯ ಬಾಗಿಲವರೆಗೂ ಕರೆದೊಯ್ದೆ. ಬಾಗಿಲಲ್ಲಿ ಒಂದು ಬಿಸ್ಕತ್ತು ಕೊಡುವುದು, ಮನೆಗೆ ತಿರುಗುವುದು. ಕೊನೆಕೊನೆಗೆ ಅವನೇ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ದರ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ನಾನು ಮೀಸೆಯ ಮೇಲೆ ಕೈಯಾಡಿಸುತ್ತಿದ್ದೆ.

ಆ ದಿನ ಬಂತು. ಎಡಗೈಯಲ್ಲಿ ಅಜ್ಜಿ ಮಲಗಿದ್ದ ಬುಟ್ಟಿ, ಬಲಗೈಗೆ ಸುತ್ತಿಕೊಂಡ ದಫೇದಾರನ ಹಗ್ಗ. ನನ್ನ ಸವಾರಿ ಬೀದಿಯಲ್ಲಿ ಹೊರಟಿತು. ದರ್ಜಿಯ ಅಂಗಡಿ ದಾಟಿತು, ಆಸ್ಪತ್ರೆಯ ಬಾಗಿಲು ಬಂತು. ಗೆದ್ದೆ ಎಂಬ ಖುಷಿಯಲ್ಲಿ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಬಿಸ್ಕತ್ತು ಕೊಟ್ಟೆ.

ದಫೇದಾರ ಬಿಸ್ಕತ್ತು ನುಂಗಿದ. ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದ. ಗಿರ್ರನೆ ತಿರುಗಿ ಮನೆಯ ಕಡೆ ಹೊರಟ!

ಹಗ್ಗ ನನ್ನ ಕಾಲುಗಳಿಗೆ ಸುತ್ತಿಕೊಂಡಿತು. ನಾನು ಬಾಗಿಲ ಒಳಕ್ಕೆ, ಚಪ್ಪಲಿ ಹೊರಕ್ಕೆ. ಬುಟ್ಟಿಯ ಮುಚ್ಚಳ ಹಾರಿತು, ಅಜ್ಜಿಯೂ ಹಾರಿದಳು. ಮೊದಲು ನನ್ನ ಹೆಗಲು, ಆಮೇಲೆ ತೂಕದ ಯಂತ್ರ, ಕೊನೆಗೆ ಔಷಧದ ಬೀರುವಿನ ನೆತ್ತಿ. ಸರದಿಯಲ್ಲಿ ಕೂತಿದ್ದ ನಾಯಿಗಳೆಲ್ಲ ಒಕ್ಕೊರಲಿನಿಂದ ನನಗೆ ಸ್ವಾಗತ ಕೋರಿದವು. ನಾನು ಸ್ಟೂಲು ಹತ್ತಿ, "ಅಜ್ಜಿ, ಇಳಿಯೇ, ನಿನ್ನ ದಮ್ಮಯ್ಯ" ಎಂದು ಕೈ ಚಾಚಿದೆ. ಅಜ್ಜಿ ಮೊಣಕೈವರೆಗೂ ಉದ್ದಕ್ಕೆ ಗೀರಿ ತನ್ನ ಅಭಿಪ್ರಾಯ ತಿಳಿಸಿದಳು.

ಅತ್ತ ದಫೇದಾರ ಹಗ್ಗ ಎಳೆದುಕೊಂಡು ಒಬ್ಬನೇ ಮನೆ ಸೇರಿದ್ದ. ಗಂಡನಿಲ್ಲದೆ ಬಂದ ನಾಯಿಯನ್ನು ಕಂಡ ನನ್ನಾಕೆ ಚಪ್ಪಲಿ ಮೆಟ್ಟಿ ಅವನೊಂದಿಗೆ ಆಸ್ಪತ್ರೆಗೆ ಬಂದಳು. ಬೀರುವಿನ ಕೆಳಗೆ ನಿಂತು, "ಅಜ್ಜಿ" ಎಂದು ಒಮ್ಮೆ ಕರೆದಳು. ಆ ಮಹಾತಾಯಿ ಇಳಿದು ಅವಳ ತೋಳಿಗೆ ಬಂದಳು. ಸೂಜಿಗಳೆರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು. ಒಬ್ಬರೂ ಉಸಿರೆತ್ತಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಪಶುವೈದ್ಯೆ ನನ್ನ ಕೈ ತೊಳೆದು ಔಷಧ ಹಚ್ಚುತ್ತ, ಬಿಸ್ಕತ್ತನ್ನು ಸೂಜಿ ಆದ ಮೇಲೆ ಕೊಡಬೇಕು, ಬಾಗಿಲಲ್ಲಿ ಅಲ್ಲ ಎಂದು ಬೈದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಇವರಿಬ್ರದ್ದೂ ಎಲ್ಲಾ ಸರಿಯಾಗಿದೆ. ನೀವು ಧನುರ್ವಾಯು ಸೂಜಿ ಹಾಕಿಸ್ಕೊಂಡು ಎಷ್ಟು ವರ್ಷ ಆಯ್ತು?"

ನಾನು ಬೀರುವಿನ ನೆತ್ತಿ ನೋಡಿದೆ. ಇನ್ನೊಬ್ಬರಿಗೆ ಅಲ್ಲಿ ಜಾಗವಿತ್ತು.

ಮಾರನೇ ದಿನ ಬೆಳಗ್ಗೆಯೇ ಅಟ್ಟ ಹತ್ತಿ, ಅದನ್ನು ಗುಡಿಸುವ ತುರ್ತು ಕೆಲಸ ಹಚ್ಚಿಕೊಂಡೆ. ಹೆಂಡತಿ ಪಂದ್ಯದ ಮಾತೇ ಎತ್ತಲಿಲ್ಲ. ಏಣಿಯ ಬುಡದಲ್ಲಿ ಬಿಸಿ ಚಹಾ ಹಿಡಿದು ನಿಂತಳು. ಇಳಿದೆ. "ಬನ್ನಿ, ಸುಮ್ನೆ ಒಂದು ಸುತ್ತು ನಡೆದು ಬರೋಣ" ಎಂದಳು. ಮರೆತಿದ್ದಾಳೆ ಎಂದು ಹಿಗ್ಗಿ ಹೊರಟೆ. ದಫೇದಾರನೂ ಜೊತೆಗೆ ಬಂದ. ಒಂದು ತಿರುವಿನಲ್ಲಿ ಅವನು ಮೂಗು ಅರಳಿಸಿ ಒಮ್ಮೆ ನನ್ನ ಮುಖ ನೋಡಿ, ನೆಲಕ್ಕೆ ಅಂಟಿ ಕೂತುಬಿಟ್ಟ. ಪಾಪ, ಅವನು ಎಚ್ಚರಿಸುತ್ತಿದ್ದ. ಈ ಬೆಪ್ಪುತಕ್ಕಡಿಗೆ ಅರ್ಥವಾಗಲಿಲ್ಲ. ತಲೆಯೆತ್ತಿದಾಗ ಡಾಕ್ಟರ ಬಾಗಿಲು ಎದುರಿಗಿತ್ತು, ನನ್ನ ತೋಳು ಹೆಂಡತಿಯ ಕೈಯಲ್ಲಿತ್ತು.

ಸೂಜಿ ಚುಚ್ಚಿದರು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಡಾಕ್ಟರು ಎರಡನೇ ಸಲ ನೋಡಿ, ಮೂರನೇ ಸಲವೂ ನೋಡಿ, ಬಂದದ್ದು ಒಳ್ಳೆಯದಾಯಿತು ಎಂದರು. ಇದನ್ನು ಹೀಗೇ ಬಿಟ್ಟಿದ್ದರೆ ಅಣ್ಣನ ದಾರಿಯೇ ನಿಮ್ಮದೂ ಆಗುತ್ತಿತ್ತು, ಈಗ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ ಎಂದರು. ಪಕ್ಕದಲ್ಲಿದ್ದ ಹೆಂಡತಿ ಮನೆ ಸೇರುವವರೆಗೂ ನನ್ನ ತೋಳು ಬಿಡಲಿಲ್ಲ. ಅವಳು ಎಷ್ಟು ಹೆದರಿದ್ದಳೆಂದು ನನಗೆ ಗೊತ್ತಾದದ್ದೇ ಆಗ.

ದಫೇದಾರನೂ ಅಜ್ಜಿಯೂ ತುಂಬು ಬಾಳು ಬಾಳಿ, ಒಬ್ಬರ ಹಿಂದೆ ಒಬ್ಬರು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಗೇಟು ಕಿರುಗುಟ್ಟಿದರೆ ವಿಚಾರಣೆ ಶುರುವಾಗುತ್ತದೇನೋ ಎಂದು ಕಿವಿ ನಿಮಿರುತ್ತದೆ. ಸೋಫಾದ ಪಕ್ಕ ಅಜ್ಜಿಯ ಬುಟ್ಟಿ ಹಾಗೇ ಇದೆ. ಅದರಲ್ಲಿ ಈಗ ನನ್ನ ಮಾತ್ರೆಗಳಿವೆ. ಸ್ವೆಟರಿನಲ್ಲಿ ಸಿಕ್ಕಿಕೊಂಡ ಬಿಳಿ ಕೂದಲನ್ನು ತೆಗೆಯಲು ನನಗೆ ಮನಸ್ಸಿಲ್ಲ.

ತಪಾಸಣೆಗೂ ರಕ್ತಪರೀಕ್ಷೆಗೂ ಪ್ರತಿ ವರ್ಷ ತಪ್ಪದೆ ಹೋಗುತ್ತೇನೆ. ಹೆಂಡತಿಯೇ ಕರೆದುಕೊಂಡು ಹೋಗುತ್ತಾಳೆ, ಕೈಚೀಲದಲ್ಲಿ ಬಿಸ್ಕತ್ತು ಇಟ್ಟುಕೊಂಡಿರುತ್ತಾಳೆ. ಈ ಸಲ ಡಾಕ್ಟರ ಬಾಗಿಲಲ್ಲಿ ನಿಂತು, ಒಂದಾದರೂ ಈಗಲೇ ಕೊಡು ಎಂದು ಕೈ ಚಾಚಿದೆ.

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಸೂಜಿ ಆಗ್ಲಿ," ಎಂದಳು. "ಬಾಗಿಲಲ್ಲಿ ಕೊಟ್ರೆ ನೀವು ಮನೆಗೆ ತಿರುಗ್ತೀರ."