ಗಂಡನ ಅಂಗಿ ತೊಟ್ಟು ಹಾಲು ಕರೆದವರ ದುಃಖದಲ್ಲಿ ಅಂಕ ಕಡಿತ

ಮನೋಭಾರ ಮಾಪನ ಇಲಾಖೆ
ಕೋಲಾರ ವಲಯ
ಸಂಖ್ಯೆ: ಮ.ಮಾ.ಇ/ದುಃಖ/ಅಂಗಿ/07/2024-25

ವಿಷಯ: ಬದುಕಿನ ದೊಡ್ಡ ಬದಲಾವಣೆಗಳಿಂದಾಗುವ ಮನೋಭಾರವನ್ನು ಅಂಕಗಳಲ್ಲಿ ಅಳೆಯುವ ಬಗ್ಗೆ.

ಉಲ್ಲೇಖ: 1. ಸುಗಟೂರಿನ ದೊಡ್ಡಮುನಿಯಮ್ಮ ಕೋಂ ಲೇಟ್ ಶ್ರೀರಾಮಪ್ಪ ಇವರು ನೂರು ಅಂಕದ ಪ್ರಮಾಣಪತ್ರ ಕೋರಿ ಸಲ್ಲಿಸಿದ ಅರ್ಜಿ.
2. ಕ್ಷೇತ್ರ ಮಾಪಕ ಭೀಮರಾಜ್ ಅವರ ಸ್ಥಳ ತನಿಖಾ ವರದಿ.

ಈ ಮೂಲಕ ಸಕಲರಿಗೂ ಸೂಚಿಸಲಾಗಿದೆ:

1. ಗಂಡ ಅಥವಾ ಹೆಂಡತಿ ತೀರಿಕೊಂಡರೆ ನೂರು ಅಂಕ, ಮನೆಗೆ ಸೊಸೆ ಬಂದರೆ ನಲವತ್ತು, ಸೊಸೆಯ ತಾಯಿಯೂ ಬಂದು ಉಳಿದರೆ ನಲವತ್ತೈದು. ನೂರು ಅಂಕದ ಪ್ರಮಾಣಪತ್ರ ಇದ್ದವರು ಮೂರು ತಿಂಗಳು ಡೇರಿಗೆ ಹಾಲು ಹಾಕದಿದ್ದರೂ ಹಾಲಿನ ಸಂಘದಲ್ಲಿ ಅವರ ಹೆಸರು ಉಳಿಯತಕ್ಕದ್ದು. ತೊಂಬತ್ತೊಂಬತ್ತು ಬಂದವರ ಹೆಸರು ಹೊಡೆದುಹಾಕತಕ್ಕದ್ದು.

2. ಒಂದೇ ತಿಂಗಳಲ್ಲಿ ಎರಡು ದುಃಖ ಒದಗಿದಲ್ಲಿ ದೊಡ್ಡದಕ್ಕೆ ಮಾತ್ರ ಅಂಕ. ಚಿಕ್ಕದನ್ನು ಮುಂದಿನ ಆರ್ಥಿಕ ವರ್ಷದಲ್ಲಿ ಅನುಭವಿಸಲು ಅವಕಾಶ ಕಲ್ಪಿಸಲಾಗಿದೆ. ಕಚೇರಿಯ ಕಿಟಕಿ ಎದುರು ಅತ್ತದ್ದನ್ನು ಪರಿಗಣಿಸಲಾಗದು. ಅದು ಕಚೇರಿಯಿಂದ ಬಂದ ಅಳು.

3. ಸದರಿ ದೊಡ್ಡಮುನಿಯಮ್ಮನವರ ಹಸು ಮೂರು ಸೂಲಿಗೂ ಯಜಮಾನರ ಕೈಯೊಂದನ್ನೇ ಕಂಡದ್ದು. ಅವರು ಹೋದ ಮೇಲೆ ಯಾರು ಕೂತರೂ ಒದೆಯುತ್ತದೆ, ಕರು ಕುಡಿದಷ್ಟು ಬಿಟ್ಟರೆ ಹಾಲು ಇಳಿಸುವುದಿಲ್ಲ. ಅರ್ಜಿ ಕೊಟ್ಟು ನಲವತ್ತು ದಿನ ಕಾದು, ಕೆಚ್ಚಲು ಕಲ್ಲಾಗುತ್ತದೆಂಬ ಭಯಕ್ಕೆ, ಆಕೆ ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿ ತೊಟ್ಟು ಕೂತಿದ್ದಾರೆ. ಒಂದು ಲೋಟ ಹಾಲು ಬಂದಿದೆ. ಡೇರಿಗೆ ಹಾಕುವಷ್ಟಲ್ಲ. ತನಿಖೆಗೆ ಭೀಮರಾಜ್ ಹೋದದ್ದೂ ಅದೇ ಬೆಳಿಗ್ಗೆ. ವರದಿಯ ಸಂಬಂಧಪಟ್ಟ ಭಾಗ ಹೀಗಿದೆ:

"ಅಲ್ಲೇ ನಿಂತ್ಕಳಿ ಸಾಮಿ. ಹೊಸಬ್ರನ್ನ ಕಂಡ್ರೆ ಬಿಗಿ ಹಿಡೀತಾಳೆ."

"ಏನಮ್ಮಾ, ಗಂಡಸ್ರ ಅಂಗಿ ಹಾಕ್ಕಂಡಿದೀರ?"

"ಅವ್ರದೇ. ಈ ವಾಸ್ನೆಗೆ ಅವ್ರೇ ಬಂದವ್ರೆ ಅನ್ಕಂತಾಳೆ. ನಾನೂ ಹೇಳಕ್ಕೋಗಿಲ್ಲ."

4. ಶ್ರೀರಾಮಪ್ಪನವರ ಅಂಗಿ ಅಂದಿನಿಂದ ಎರಡು ಹೊತ್ತೂ ಕೆಲಸಕ್ಕೆ ಹಾಜರಾಗುತ್ತಿರುವ ಕಾರಣ, ಸದರಿಯವರು ಭಾಗಶಃ ಮಾತ್ರ ತೀರಿಕೊಂಡಿದ್ದಾರೆಂದು ತೀರ್ಮಾನಿಸಿ ನಲವತ್ತು ಅಂಕ ಕಡಿತಗೊಳಿಸಲಾಗಿದೆ. ತೋಳು ಮಡಿಚಿದ್ದಲ್ಲಿ ಐದು ಅಂಕ ಹಿಂದಿರುಗಿಸಲಾಗುವುದು.

5. ಮೇಲ್ಮನವಿ ಸಲ್ಲಿಸುವವರು ಅಸಲು ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಏಳು ದಿನದೊಳಗೆ ಹಾಜರುಪಡಿಸತಕ್ಕದ್ದು.

6. ಮೇಲ್ಮನವಿಗೆಂದು ಅಂಗಿ ಸಮೇತ ಬಂದು ಕಚೇರಿಯ ಕಿಟಕಿಯಲ್ಲಿ ಈ ಷರತ್ತು ಕೇಳಿದ ಅರ್ಜಿದಾರರು, ಅದನ್ನು ಎದೆಗವುಚಿಕೊಂಡು, "ಒಗದ್ರೆ ಅವ್ರು ಹೊಂಟೋಗ್ತಾರೆ ಸಾಮಿ" ಎಂದಷ್ಟೇ ಹೇಳಿ ಬಸ್ಸಿಗೆ ಹೋಗಿರುತ್ತಾರೆ. ಇದರಿಂದ ಗಂಡ ಇನ್ನೂ ಹೋಗಿಲ್ಲವೆಂದು ಅವರೇ ಒಪ್ಪಿಕೊಂಡಂತಾಗಿದೆ. ಉಳಿದ ಅರವತ್ತು ಅಂಕಗಳನ್ನೂ ಹಿಂಪಡೆದು, ಸಂಘದ ಪಟ್ಟಿಯಿಂದ ಹೆಸರು ಹೊಡೆಯಲು ಆದೇಶಿಸಲಾಗಿದೆ.

ಸಹಿ/-
ಮುಖ್ಯ ಮಾಪಕರ ಪರವಾಗಿ
(ಕುರ್ಚಿ ಬದಲಾದ ಮನೋಭಾರದಿಂದ ಮುಖ್ಯ ಮಾಪಕರು ಮೂರು ತಿಂಗಳ ರಜೆಯಲ್ಲಿದ್ದಾರೆ)

ಪ್ರತಿಗಳು:
1. ಹಾಲಿನ ಸಂಘದ ಕಾರ್ಯದರ್ಶಿಗೆ, ಕೂಡಲೇ ಹೆಸರು ಹೊಡೆಯಲು.
2. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಚೇರಿಗಳಿಗೆ, ತಮ್ಮಲ್ಲಿನ ಅಂಗಿಗಳನ್ನು ಎಣಿಸಲು.
3. ಲೇಟ್ ಶ್ರೀರಾಮಪ್ಪನವರಿಗೆ, ಸಮಜಾಯಿಷಿಯೊಂದಿಗೆ ಖುದ್ದು ಹಾಜರಾಗಲು.
4. ಸದರಿ ಹಸುವಿಗೆ, ಯಜಮಾನರು ತೀರಿಕೊಂಡ ವಿಷಯದ ಮಾಹಿತಿಗಾಗಿ. ಇದುವರೆಗೆ ಯಾರೂ ಹೇಳಿಲ್ಲವೆಂದು ವರದಿಯಾಗಿದೆ.